ಚಿತ್ರದಲ್ಲಿಲ್ಲದವನು

2024ರ ಜುಲೈ ತಿಂಗಳ ಕೊನೆಯಲ್ಲಿ ಒಂದು ಚಿತ್ರವು ಲೋಕವನ್ನೆಲ್ಲ ಸುತ್ತಿ ಬಂದುದು ಓದುಗರಿಗೆ ನೆನಪಿರಬಹುದು. ಕಡಲಿನ ಮೇಲೆ, ನೀರನ್ನು ಎಲ್ಲಿಯೂ ಮುಟ್ಟದೆ, ಒಬ್ಬ ತರುಣನು ತೋರುಬೆರಳನ್ನು ಆಕಾಶಕ್ಕೆ ಚಾಚಿ ನೆಟ್ಟಗೆ ನಿಂತಿದ್ದಾನೆ. ಪಕ್ಕದಲ್ಲಿ ಆತನ ಹಲಗೆಯೂ ಅಷ್ಟೇ ನೆಟ್ಟಗೆ ಗಾಳಿಯಲ್ಲಿ ನಿಂತಿದೆ. ನನ್ನ ಮೊಮ್ಮಗಳು ಅದನ್ನು ತನ್ನ ಫೋನಿನಲ್ಲಿ ತೋರಿಸಿ, "ನೋಡು ತಾತ, ದೇವರ ಪಟ ಇದ್ದಹಾಗಿದೆ" ಎಂದಳು. ನಿಜವಾಗಿಯೂ ಹಾಗೆಯೇ ಇತ್ತು.

ಅದು ಪ್ಯಾರಿಸ್ ಒಲಿಂಪಿಕ್ಸಿನ ಸರ್ಫಿಂಗ್ ಸ್ಪರ್ಧೆಯ ಚಿತ್ರ. ಸ್ಪರ್ಧೆ ನಡೆದುದು ಪ್ಯಾರಿಸ್ಸಿನಲ್ಲಲ್ಲ, ಅಲ್ಲಿಂದ ಅರ್ಧ ಭೂಮಂಡಲದಾಚೆಯ ತಹೀತಿ ದ್ವೀಪದ ತೆಅಹುಪೊ ಎಂಬಲ್ಲಿ. ನಿಂತವನು ಬ್ರೆಜಿಲಿನ ಗೇಬ್ರಿಯಲ್ ಮೆಡೀನಾ. ದೋಣಿಯಲ್ಲಿದ್ದು ಚಿತ್ರ ತೆಗೆದವನು ಜೆರೋಮ್ ಬ್ರೂಯೆ. ಇಷ್ಟನ್ನು ಮೊಮ್ಮಗಳೇ ಹೇಳಿದಳು. ಈ ಆಟದಲ್ಲಿ ಆ ಹಂತಕ್ಕೆ ಬರುವಾಗ ನೀರಿನಲ್ಲಿ ಇಬ್ಬಿಬ್ಬರು ಸೆಣಸುತ್ತಾರೆಂದೂ ಅವಳೇ ತಿಳಿಸಿದಳು. ನಾನು ಕೇಳಿದೆ: "ಹಾಗಾದರೆ ಇನ್ನೊಬ್ಬ ಯಾರು?"

"ಗೊತ್ತಿಲ್ಲ ತಾತ. ಯಾರಾದರೆ ಏನು?"

ಮೂವತ್ತಕ್ಕೂ ಮಿಕ್ಕಿ ವರ್ಷ ಪಾಠ ಹೇಳಿ ಉತ್ತರಪತ್ರಿಕೆಗಳನ್ನು ತಿದ್ದಿದವನಿಗೆ ಒಂದು ಚಾಳಿ ಉಳಿದುಬಿಡುತ್ತದೆ. ಮೊದಲನೆಯವನ ಹೆಸರು ಕೇಳಿದೊಡನೆ ಎರಡನೆಯವನು ಯಾರೆಂದು ವಿಚಾರಿಸದೆ ಸಮಾಧಾನವಾಗುವುದಿಲ್ಲ. ಆ ಎರಡನೆಯವನು ಜಪಾನಿನ ಕನೋವಾ ಇಗರಾಶಿ. ಚಿತ್ರವನ್ನು ನೋಡಿದ ಕೋಟ್ಯಂತರ ಜನರಲ್ಲಿ ಆತನೂ ಆ ನೀರಿನಲ್ಲಿಯೇ ಇದ್ದನೆಂಬುದನ್ನು ಬಲ್ಲವರು ಎಷ್ಟು ಮಂದಿಯೋ ಕಾಣೆ. ಆತನ ವಿಷಯವಾಗಿ ಓದುತ್ತ, ಆತನ ಆಟಗಳನ್ನು ಅದೇ ಫೋನಿನಲ್ಲಿ ನೋಡುತ್ತ ಹೋದಂತೆ ನನಗೆ ತೋರಿದ ಕೆಲವು ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಕಡಲನ್ನು ದಡದಿಂದಲ್ಲದೆ ಕಂಡವನಲ್ಲ ನಾನು. ಅಧಿಕಾರದಿಂದ ಆಡಿದ ಮಾತೆಂದು ಯಾರೂ ಭಾವಿಸಬಾರದು.

ಮೊದಲು ಈ ಆಟಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಪತ್ರಿಕೆಗಳು ಸರ್ಫಿಂಗ್ ಎಂದೇ ಬರೆಯುತ್ತಿವೆ. ಮೂಲ್ಕಿಯ ಹತ್ತಿರದ ಸಸಿಹಿತ್ಲಿನಲ್ಲಿ ರಾಷ್ಟ್ರಮಟ್ಟದ ಪಂದ್ಯಗಳು ನಡೆದಿರುವಾಗ, ನಮ್ಮ ಕರಾವಳಿಯ ಹುಡುಗರು ಹಲಗೆ ಹಿಡಿದು ನೀರಿಗೆ ಇಳಿಯುತ್ತಿರುವಾಗ, ಒಂದು ದೇಸಿ ಹೆಸರು ಇದ್ದರೆ ತಪ್ಪೇನೂ ಇಲ್ಲ. ತೆರೆಯೇರಾಟ ಎನ್ನಬಹುದೆಂದು ನನಗೆ ತೋರುತ್ತದೆ. ತೆರೆಯನ್ನು ಏರುವುದು ಸರಿ. ಆದರೆ ಅದಕ್ಕೆ ಮುಂಚೆ ಬಹಳ ಹೊತ್ತು ಕಾಯಬೇಕಲ್ಲ, ಆ ಕಾಯುವಿಕೆಯನ್ನು ಈ ಹೆಸರು ಹೇಳುವುದಿಲ್ಲ. ಇಂಗ್ಲಿಷಿನ ಹೆಸರೂ ಹೇಳುವುದಿಲ್ಲವೆನ್ನಿ.

ಆಟದ ಕ್ರಮ ಸರಳವಾದುದು. ಸ್ಪರ್ಧಿಗಳಿಗೆ ಸುಮಾರು ಅರ್ಧ ಗಂಟೆಯ ಅವಧಿ. ಅಷ್ಟರೊಳಗೆ ತಮಗೆ ಸರಿಯೆಂದು ತೋರಿದ ತೆರೆಗಳನ್ನು ಹಿಡಿದು ಅವುಗಳ ಮೈಮೇಲೆ ತಿರುಗಿ, ಹಾರಿ, ಇಳಿದು ತೋರಿಸಬೇಕು. ಐವರು ತೀರ್ಪುಗಾರರು ಒಂದೊಂದು ಸವಾರಿಗೂ ಹತ್ತರೊಳಗೆ ಅಂಕ ಕೊಡುತ್ತಾರೆ. ಅತಿ ಹೆಚ್ಚಿನದನ್ನೂ ಅತಿ ಕಡಮೆಯದನ್ನೂ ಬಿಟ್ಟು ಉಳಿದ ಮೂರರ ಸರಾಸರಿ ತೆಗೆಯುತ್ತಾರೆ. ಕೊನೆಯಲ್ಲಿ ಒಬ್ಬೊಬ್ಬನ ಅತ್ಯುತ್ತಮವಾದ ಎರಡು ಸವಾರಿಗಳ ಮೊತ್ತವೇ ಆತನ ಗಳಿಕೆ. ಈ ಅರ್ಧ ಗಂಟೆಯಲ್ಲಿ ಆಟಗಾರನು ಹಲಗೆಯ ಮೇಲೆ ನಿಂತಿರುವ ಕಾಲವನ್ನೆಲ್ಲ ಕೂಡಿಸಿದರೂ ಕೆಲವೇ ನಿಮಿಷಗಳಾಗುತ್ತವೆ. ಮಿಕ್ಕ ಹೊತ್ತೆಲ್ಲ ಹಲಗೆಯ ಮೇಲೆ ಕುಳಿತು ದಿಗಂತವನ್ನು ನೋಡುತ್ತಿರುವುದು. ಬಂದ ತೆರೆಯನ್ನು ಬಿಡುವುದೋ ಹಿಡಿಯುವುದೋ ಎಂದು ತೂಗುವುದು. ಬಿಟ್ಟ ತೆರೆ ಮತ್ತೆ ಬಾರದು. ಎದುರಾಳಿಯನ್ನು ಮುಟ್ಟುವಂತಿಲ್ಲ, ತಡೆಯುವಂತಿಲ್ಲ. ಕಡಲು ಯಾರಿಗೆ ಏನನ್ನು ಕಳುಹಿಸುವುದೋ ಹೇಳುವಂತಿಲ್ಲ. ಇಷ್ಟು ದೈವಾಧೀನವಾದ ಆಟಕ್ಕೆ ದಶಾಂಶದ ಎರಡು ಸ್ಥಾನಗಳವರೆಗೆ ಅಂಕ ಕೊಡುತ್ತಾರೆಂಬುದೇ ಒಂದು ವಿನೋದ.

ಇಗರಾಶಿ 1997ರ ಅಕ್ಟೋಬರ್ 1ರಂದು ಅಮೆರಿಕದ ಕ್ಯಾಲಿಫೋರ್ನಿಯದ ಸಾಂಟಾ ಮೋನಿಕಾದಲ್ಲಿ ಹುಟ್ಟಿದನು. ತಂದೆ ತಾಯಿ ಜಪಾನಿನಿಂದ ಬಂದು ಅಲ್ಲಿ ನೆಲಸಿದವರು. ತಂದೆ ತಾನೇ ತೆರೆಯೇರುವ ಹುಚ್ಚಿನವನು. ಮನೆ ಮಾಡಿದುದೂ ಆ ಆಟಕ್ಕೆ ಹೆಸರಾದ ಹಂಟಿಂಗ್ಟನ್ ಬೀಚ್ ಎಂಬ ಊರಿನಲ್ಲಿ. ಮಗು ಮೂರನೆಯ ವಯಸ್ಸಿಗೆ ಹಲಗೆ ಹತ್ತಿತು. ಹೆಸರು ನೋಡಿದರೆ ಅದು ಜಪಾನಿನದೂ ಅಲ್ಲ, ಇಂಗ್ಲಿಷಿನದೂ ಅಲ್ಲ. ಕನೋವಾ ಎಂಬುದು ಈ ಆಟದ ತವರಾದ ಹವಾಯಿಯ ನುಡಿ. ಬಂಧನವಿಲ್ಲದವನು, ಸ್ವತಂತ್ರ ಎಂದು ಅದರ ಅರ್ಥವನ್ನು ಹೇಳುತ್ತಾರೆ. ಜಪಾನಿನ ವಂಶ, ಅಮೆರಿಕದ ನೆಲ, ಹವಾಯಿಯ ಹೆಸರು. ಮುಂದೆ ಆತನ ಸುತ್ತ ನಡೆದ ಜಗ್ಗಾಟವೆಲ್ಲ ತೊಟ್ಟಿಲಲ್ಲಿಯೇ ಮೊದಲಾಯಿತೆನ್ನಬೇಕು.

2016ರಲ್ಲಿ, ಇನ್ನೂ ಹತ್ತೊಂಬತ್ತು ತುಂಬುವ ಮೊದಲೇ, ಲೋಕದ ಅತ್ಯುತ್ತಮರಷ್ಟೇ ಸ್ಪರ್ಧಿಸುವ ವಿಶ್ವ ಸರ್ಫಿಂಗ್ ಲೀಗಿನ ಪ್ರಮುಖ ಸರಣಿಗೆ ಆತ ಸೇರಿದನು. ಅದೇ ವರ್ಷದ ಕೊನೆಗೆ ಹವಾಯಿಯ ಪೈಪ್‌ಲೈನಿನಲ್ಲಿ, ಹಳಬರೂ ಅಂಜುವಂತಹ ನೀರಿನಲ್ಲಿ, ಎರಡನೆಯವನಾಗಿ ಬಂದನು. ಅಲ್ಲಿಯವರೆಗೆ ಆತನ ಹೆಸರಿನ ಮುಂದೆ ಇದ್ದುದು ಅಮೆರಿಕದ ಧ್ವಜ. 2018ರಿಂದ ಅದನ್ನು ತೆಗೆದು ಜಪಾನಿನ ಧ್ವಜವನ್ನು ಇಟ್ಟುಕೊಂಡನು. ಹಂಟಿಂಗ್ಟನ್ ಬೀಚಿನಲ್ಲಿ ವರ್ಷವರ್ಷವೂ ನಡೆಯುವ ದೊಡ್ಡ ಪಂದ್ಯವನ್ನು 2017ರಲ್ಲಿ ಅಮೆರಿಕದವನಾಗಿ ಗೆದ್ದನು. ಮರುವರ್ಷ ಅದೇ ಪಂದ್ಯವನ್ನು, ಅದೇ ಮರಳಿನ ಎದುರು, ಜಪಾನಿನವನಾಗಿ ಗೆದ್ದನು. 2019ರಲ್ಲಿ ಬಾಲಿಯ ಕೆರಾಮಾಸಿನಲ್ಲಿ ಪ್ರಮುಖ ಸರಣಿಯ ಪಂದ್ಯವೊಂದನ್ನು ಜಪಾನಿನ ಹೆಸರಿಗೆ ತಂದುಕೊಟ್ಟನು.

ಧ್ವಜ ಬದಲಿಸಿದುದನ್ನು ಕುರಿತು ಜನ ಎರಡು ಬಗೆಯಾಗಿ ಮಾತನಾಡಿದರು. ಹಿರಿಯರ ನೆಲಕ್ಕೆ ಸಲ್ಲಿಸಿದ ಋಣವೆಂದರು ಕೆಲವರು. ಟೋಕಿಯೋ ಒಲಿಂಪಿಕ್ಸಿಗೆ ಒಂದು ದೇಶದಿಂದ ಇಬ್ಬರೇ ಗಂಡಸರಿಗೆ ಅವಕಾಶವಿರುವಾಗ ಅಮೆರಿಕದ ಉದ್ದನೆಯ ಸಾಲಿನಲ್ಲಿ ನಿಲ್ಲುವುದಕ್ಕಿಂತ ಜಪಾನಿನ ಚಿಕ್ಕ ಸಾಲು ಲೇಸೆಂಬ ಲೆಕ್ಕಾಚಾರವೆಂದರು ಇನ್ನು ಕೆಲವರು. ಎರಡೂ ನಿಜವಾಗಿರಬಾರದೇಕೆ? ಮನುಷ್ಯನು ಒಂದೇ ಕಾರಣಕ್ಕೆ ಒಂದು ಕೆಲಸ ಮಾಡುತ್ತಾನೆಂಬುದು ಪರೀಕ್ಷೆಯ ಪ್ರಶ್ನೆಗಳಲ್ಲಿ ಮಾತ್ರ ಕಾಣುವ ಸಂಗತಿ. ಧ್ವಜದ ವಿಷಯದಲ್ಲಿ ಈ ಆಟವೇ ಸ್ವಲ್ಪ ಸಡಿಲು. ಹವಾಯಿಯವರು ಲೀಗಿನ ಸರಣಿಯಲ್ಲಿ ಹವಾಯಿಯ ಧ್ವಜವನ್ನೇ ಹಿಡಿಯುತ್ತಾರೆ, ಒಲಿಂಪಿಕ್ಸಿಗೆ ಬಂದಾಗ ಅಮೆರಿಕದವರಾಗುತ್ತಾರೆ. ಆಸ್ಟ್ರೇಲಿಯದಲ್ಲಿ ಹುಟ್ಟಿದ ಕಾನರ್ ಒಲಿಯರಿ ತಾಯಿಯ ಕಡೆಯಿಂದ ಜಪಾನಿನವನಾಗಿ 2024ರಲ್ಲಿ ಇಗರಾಶಿಯ ಜೊತೆಗಾರನಾದನು. ನಾವೇನು ಬೇರೆಯೇ? ಅಮೆರಿಕದಲ್ಲಿ ಹುಟ್ಟಿ ಬೆಳೆದ ನಮ್ಮವರ ಮಗುವೊಂದು ಅಲ್ಲಿ ಏನನ್ನಾದರೂ ಗೆದ್ದರೆ ಮಾರನೆಯ ದಿನವೇ ಅದರ ಅಜ್ಜನ ಊರನ್ನು ಹುಡುಕಿ ತೆಗೆಯುತ್ತೇವೆ. ಸೋತ ಮಕ್ಕಳ ಅಜ್ಜಂದಿರಿಗೆ ಊರಿರುವುದಿಲ್ಲ.

ಈಗ 2021ರ ಜುಲೈ 27ಕ್ಕೆ ಬರೋಣ. ಸಾಂಕ್ರಾಮಿಕದ ದೆಸೆಯಿಂದ ಒಂದು ವರ್ಷ ಮುಂದಕ್ಕೆ ಹೋಗಿದ್ದ ಟೋಕಿಯೋ ಒಲಿಂಪಿಕ್ಸಿನಲ್ಲಿ ಸರ್ಫಿಂಗಿಗೆ ಮೊಟ್ಟಮೊದಲ ಬಾರಿಗೆ ಸ್ಥಾನ ಸಿಕ್ಕಿತ್ತು. ಸ್ಪರ್ಧೆಯ ಸ್ಥಳ ಚಿಬಾ ಪ್ರಾಂತದ ಇಚಿನೊಮಿಯಾ ಊರಿನ ತ್ಸುರಿಗಸಾಕಿ. ಕುಜುಕುರಿ ಎಂಬ ಉದ್ದನೆಯ ಮರಳದಂಡೆ ಅಲ್ಲಿ ತೆಂಕಣ ತುದಿಯನ್ನು ಮುಟ್ಟುತ್ತದೆ. ದಂಡೆಯ ಮೇಲೆಯೇ ಶಿಂತೋ ದೇವಾಲಯದ ಹೆಬ್ಬಾಗಿಲೊಂದು ಕಡಲನ್ನು ನೋಡುತ್ತ ನಿಂತಿದೆ. ಅಮೆರಿಕಕ್ಕೆ ಹೋಗುವ ಮೊದಲು ಇಗರಾಶಿಯ ತಂದೆ ತೆರೆಯೇರಿದ ನೀರು ಅದು. ಸಾಧಾರಣವಾಗಿ ಅಲ್ಲಿಯ ಬೇಸಗೆಯ ತೆರೆಗಳು ಮೆತ್ತಗಿನವು. ಆ ವಾರ ಚಂಡಮಾರುತವೊಂದು ಹತ್ತಿರ ಸುಳಿದು ಕಡಲನ್ನು ಕಲಕಿತ್ತು. ಅದಕ್ಕಾಗಿಯೇ ಕೊನೆಯ ಸುತ್ತುಗಳನ್ನು ಒಂದು ದಿನ ಮೊದಲೇ ನಡೆಸಿದರು. ನೀರು ಕದಡಿ, ಗಾಳಿಗೆ ಚದರಿ, ತೆರೆಯ ಆಕಾರ ಗೊತ್ತಾಗದಂತಿತ್ತು.

ಉಪಾಂತ್ಯದಲ್ಲಿ ಎದುರಿಗೆ ಬಂದವನು ಮೆಡೀನಾ, ಆಗಲೇ ಎರಡು ಬಾರಿ ವಿಶ್ವವಿಜೇತ. ಆತ 8.33 ಮತ್ತು 8.43 ಅಂಕಗಳನ್ನು ಗಳಿಸಿಟ್ಟಿದ್ದನು. ಇಗರಾಶಿಯ ಕೈಯಲ್ಲಿ 7.67 ಇತ್ತು. ಗೆಲ್ಲಬೇಕಾದರೆ ಒಂದೇ ಸವಾರಿಯಲ್ಲಿ ಒಂಬತ್ತಕ್ಕೂ ಮಿಕ್ಕ ಅಂಕ ಬೇಕು, ಹೊತ್ತು ಕರಗುತ್ತಿತ್ತು. ಆಗ ಒಂದು ತೆರೆಯ ತುಟಿಯಿಂದ ಆತ ಮೇಲಕ್ಕೆ ಚಿಮ್ಮಿ, ಗಾಳಿಯಲ್ಲಿ ಪೂರ್ತಿ ಒಂದು ಸುತ್ತು ತಿರುಗಿ, ಹಲಗೆಯ ಮೇಲೆಯೇ ನೀರಿಗೆ ಇಳಿದನು. ತೀರ್ಪುಗಾರರು 9.33 ಕೊಟ್ಟರು. ಮೊತ್ತ 17.00ಕ್ಕೆ 16.76. ಅಂತರ 0.24.

ದಂಡೆಯ ಮೇಲೆ ಪ್ರೇಕ್ಷಕರಿರಲಿಲ್ಲ. ಸಾಂಕ್ರಾಮಿಕದ ಕಾರಣ ಯಾರನ್ನೂ ಬಿಟ್ಟಿರಲಿಲ್ಲ. ಇದನ್ನು ಓದುಗರು ಗಮನಿಸಬೇಕು: ಈ ಆಟದ ಮೊದಲ ಒಲಿಂಪಿಕ್ ಹೋರಾಟವನ್ನು ಮರಳಿನ ಮೇಲೆ ನಿಂತು, ಉಪ್ಪುಗಾಳಿ ಕುಡಿದು ನೋಡಿದ ಜನಸ್ತೋಮವೇ ಇಲ್ಲ. ಜನಸ್ತೋಮ ಇದ್ದುದು ಅಂತರಜಾಲದಲ್ಲಿ. ಅಲ್ಲಿ ಎರಡು ಹಾರಾಟಗಳನ್ನು, ಮೆಡೀನಾನದೊಂದು ಇಗರಾಶಿಯದೊಂದು, ಕತ್ತರಿಸಿ ಅಕ್ಕಪಕ್ಕದಲ್ಲಿ ಅಂಟಿಸಿ, ಇದು ದೊಡ್ಡದು ಅದು ಚಿಕ್ಕದು ಎಂದು ಲಕ್ಷಾಂತರ ಜನ ತೀರ್ಪು ಕೊಟ್ಟರು. ಬ್ರೆಜಿಲಿನ ಅಭಿಮಾನಿಗಳು ಮೋಸವೆಂದರು. ಆತಿಥೇಯ ದೇಶಕ್ಕೆ ಒಲಿದ ಅಂಕವೆಂದರು. ಕೆಲವರ ಮಾತು ಆಟವನ್ನು ಬಿಟ್ಟು ಮನುಷ್ಯನ ಮೇಲೆ ಬಿತ್ತು.

ನಾನು ಆ ಎರಡನ್ನೂ ಹತ್ತಾರು ಬಾರಿ ನೋಡಿದೆ. ನನಗೆ ಕಂಡುದು ಇಷ್ಟು: ಇದೇ ಮೇಲೆಂದು ಆಣೆಯಿಟ್ಟು ಹೇಳಬಲ್ಲವನು ಸುಳ್ಳುಗಾರ. ಕಾಲು ಅಂಕದ ವಿಷಯ ನನಗೆ ಸ್ವಲ್ಪ ಗೊತ್ತು. ಬಹಳ ವರ್ಷಗಳ ಹಿಂದೆ ಒಂದು ಮೌಲ್ಯಮಾಪನ ಕೇಂದ್ರದಲ್ಲಿ, ಸಂಜೆಯ ಹೊತ್ತಿಗೆ, ಒಂದು ಕನ್ನಡ ಪತ್ರಿಕೆಗೆ ಮೂವತ್ತನಾಲ್ಕು ಅಂಕ ಕೊಟ್ಟು ಕಟ್ಟಿಗೆ ಸೇರಿಸಿದೆ. ತೇರ್ಗಡೆಗೆ ಆಗ ಮೂವತ್ತೈದು ಬೇಕಾಗಿತ್ತು. ರಾತ್ರಿ ಊಟಕ್ಕೆ ಕುಳಿತಾಗ ಆ ಹುಡುಗ, ಹುಡುಗಿಯೇ ಇದ್ದರೂ ಇರಬಹುದು, ಪ್ರಬಂಧದಲ್ಲಿ ಬರೆದಿದ್ದ ಒಂದು ವಾಕ್ಯ ನೆನಪಿಗೆ ಬಂದಿತು. ಚೆನ್ನಾಗಿತ್ತು, ಅರ್ಧ ಅಂಕಕ್ಕಾದರೂ ಯೋಗ್ಯವಾಗಿತ್ತು, ಬಾಕಿ ಅರ್ಧವನ್ನು ಎಲ್ಲಿಯಾದರೂ ಹುಡುಕಬಹುದಾಗಿತ್ತು. ಬೆಳಗ್ಗೆ ಹೋದಾಗ ಕಟ್ಟು ಹೋಗಿತ್ತು. ನನಗೆ ಗೊತ್ತಿದ್ದುದು ಒಂದು ಸಂಖ್ಯೆ ಮಾತ್ರ. ನಾನು ಮೋಸ ಮಾಡಲಿಲ್ಲ. ಅಂಕ ಸರಿಯಾಗಿತ್ತೆಂದೂ ಇಂದಿಗೂ ಹೇಳಲಾರೆ. ತೀರ್ಪು ಕೊಡುವ ಕೆಲಸದ ಒಳಗುಟ್ಟೇ ಇದು. ಅದು ದೋಷವಿಲ್ಲದ ಕೆಲಸವಲ್ಲ. ಹಾಗೆಂದು ಅದರ ಪ್ರತಿಯೊಂದು ದೋಷವೂ ಕಪಟವಲ್ಲ. ಈ ಎರಡರ ನಡುವೆ ಇರುವ ಜಾಗವನ್ನು ಅಂತರಜಾಲದ ಜನಸ್ತೋಮವು ಅಳಿಸಿಹಾಕಿದೆ.

ಇಗರಾಶಿ ಸುಮ್ಮನಿದ್ದನೇ? ಇಲ್ಲ. ಬ್ರೆಜಿಲಿನವರ ಪೋರ್ಚುಗೀಸ್ ಭಾಷೆಯಲ್ಲಿಯೇ, ಅಳಿರಿ, ಇನ್ನಷ್ಟು ಅಳಿರಿ, ನಾನಂತೂ ಸಂತೋಷವಾಗಿದ್ದೇನೆ ಎಂಬ ಅರ್ಥ ಬರುವಂತೆ ಬರೆದು ಹಾಕಿದನು. ಬೆಂಕಿಗೆ ತುಪ್ಪ ಸುರಿದಂತಾಯಿತು. ಇದನ್ನು ಆತ ಬರೆಯಬಾರದಾಗಿತ್ತೆಂದೇ ನನ್ನ ಅಭಿಪ್ರಾಯ. ಗೆದ್ದವನಿಗೆ ಮೌನವು ಸುಲಭವಾಗಿ ದೊರೆಯುವ ಆಭರಣ, ಅದನ್ನು ಬಿಸುಟುಬಿಟ್ಟನು. ಆದರೆ ಇದರಲ್ಲಿ ನನ್ನ ಮನಸ್ಸನ್ನು ಹಿಡಿದುದು ಬೇರೊಂದು ಸಂಗತಿ. ಈ ತರುಣನು ಇಂಗ್ಲಿಷ್, ಜಪಾನಿ, ಪೋರ್ಚುಗೀಸ್, ಸ್ಪ್ಯಾನಿಷ್, ಫ್ರೆಂಚ್ ಐದನ್ನೂ ಆಡಬಲ್ಲವನು. ಅಷ್ಟೂ ಶಾಲೆಯ ಬೆಂಚಿನ ಮೇಲೆ ಕಲಿತವಲ್ಲ. ಊರೂರು ಅಲೆಯುತ್ತ, ಜೊತೆಗಾರರೊಡನೆ ತೆರೆಗಾಗಿ ಕಾಯುತ್ತ ಬಂದ ಮಾತುಗಳೂ ಅವುಗಳಲ್ಲಿ ಇವೆ. ಪೋರ್ಚುಗೀಸನ್ನು ಕಲಿಯದಿದ್ದರೆ ಆ ರಾತ್ರಿ ಆತ ಸುಖವಾಗಿ ನಿದ್ದೆ ಮಾಡುತ್ತಿದ್ದನು. ಒಂದು ಭಾಷೆಯನ್ನು ಕಲಿತವನಿಗೆ ಅದರ ಪದ್ಯಗಳು ತೆರೆದುಕೊಳ್ಳುವಂತೆ ಅದರ ಬಯ್ಗುಳಗಳೂ ತೆರೆದುಕೊಳ್ಳುತ್ತವೆ. ಸ್ನೇಹಕ್ಕಾಗಿ ಕಲಿತ ನುಡಿಯಲ್ಲಿಯೇ ಬಯ್ಗುಳ ಕೇಳಿ, ಸ್ನೇಹಕ್ಕಾಗಿ ಕಲಿತ ನುಡಿಯಲ್ಲಿಯೇ ಕುಟುಕಿದನು. ಕಲಿಕೆಯ ಲಾಭಗಳನ್ನು ಮಾತ್ರ ಹೇಳುವ ನಮ್ಮಂತಹ ಮೇಷ್ಟರುಗಳು ಈ ನಷ್ಟವನ್ನೂ ಹೇಳಿಕೊಡಬೇಕೇನೋ.

ಅದೇ ದಿನ ಅಂತಿಮ ಸುತ್ತು ನಡೆಯಿತು. ಎದುರಾಳಿ ಇಟಾಲೊ ಫೆರೇರಾ; ಆತನೂ ಬ್ರೆಜಿಲಿನವನು, ಮೀನು ಮಾರುವವನ ಮಗ, ಚಿಕ್ಕಂದಿನಲ್ಲಿ ತಂದೆಯ ಮೀನಿನ ಪೆಟ್ಟಿಗೆಯ ಮುಚ್ಚಳವೇ ಆತನ ಹಲಗೆ. ಮೊದಲ ಸವಾರಿಯಲ್ಲಿಯೇ ಆತನ ಹಲಗೆ ಮುರಿಯಿತು. ದಡಕ್ಕೆ ಓಡಿ ಇನ್ನೊಂದನ್ನು ತಂದು 15.14 ಗಳಿಸಿದನು. ಇಗರಾಶಿಗೆ ಬಂದುದು 6.60. ತಂದೆಯ ಕಡಲು ಮಗನಿಗೆ ಬೇಕಾದ ತೆರೆಯನ್ನು ಒಮ್ಮೆ ಕೊಟ್ಟಿತ್ತು. ಎರಡನೆಯ ಬಾರಿ ಕೊಡಲಿಲ್ಲ. ಬೆಳ್ಳಿಯ ಪದಕ ಬಂದಿತು. ಮೋಸವೆಂದು ಕೂಗಿದವರು ದೈವದ ತೀರ್ಪು ಎಂದರು. ಕಡಲಿಗೆ ಇಂತಹ ಕೆಲಸ ವಹಿಸುವುದು ಕಡಲಿಗೇ ಅನ್ಯಾಯ.

ಇನ್ನೊಂದು ಗೆಲವನ್ನು ಹೇಳಬೇಕು; ಅದರ ಚಿತ್ರವನ್ನು ನನಗೆ ಯಾರೂ ತೋರಿಸಲಿಲ್ಲ, ನಾನೇ ಹುಡುಕಿ ತೆಗೆದೆ. 2022ರ ಸೆಪ್ಟೆಂಬರಿನಲ್ಲಿ ಅಂತರರಾಷ್ಟ್ರೀಯ ಸರ್ಫಿಂಗ್ ಸಂಸ್ಥೆಯ ವಿಶ್ವಕೂಟ ನಡೆದುದು ಹಂಟಿಂಗ್ಟನ್ ಬೀಚಿನಲ್ಲಿ. ಗಂಡಸರ ಚಿನ್ನ ಇಗರಾಶಿಯದಾಯಿತು. ಜಪಾನಿನ ಗಂಡಸರ ತಂಡವೂ ಮೊದಲನೆಯದಾಗಿ ಬಂದು, ಪ್ಯಾರಿಸ್ ಒಲಿಂಪಿಕ್ಸಿಗೆ ದೇಶಕ್ಕೆ ಹೆಚ್ಚಿನ ಒಂದು ಸ್ಥಾನ ದೊರಕಿತು. ಯೋಚಿಸಿ ನೋಡಿರಿ: ತನ್ನದೆಂದು ಆಯ್ದುಕೊಂಡ ದೇಶದಲ್ಲಿ, ತಂದೆಯ ನೀರಿನಲ್ಲಿ, ಚಿನ್ನ ತಪ್ಪಿಹೋಯಿತು, ತಾನು ಬೆಳೆದ ಊರಿನಲ್ಲಿ, ಮೂರರ ವಯಸ್ಸಿನಿಂದ ಬಲ್ಲ ತೆರೆಗಳ ಮೇಲೆ, ಚಿನ್ನ ಬಂದಾಗ ಮೇಲೇರಿದುದು ಆ ಊರಿನದಲ್ಲದ ಧ್ವಜ. ಮನೆ ಯಾವುದೆಂದು ಈತನನ್ನು ಕೇಳುವವರು ಈ ಎರಡು ದಿನಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಆದರೆ ಅಲ್ಲಿ ಜಗಳವಿರಲಿಲ್ಲ. ಜಗಳವಿಲ್ಲದ್ದು ಬೇಗ ಹರಡುವುದಿಲ್ಲ.

ಇಷ್ಟು ಹೇಳಿದುದರಿಂದ ಈತನನ್ನು ಪ್ರಸಿದ್ಧಿಯ ಬಲಿಯೆಂದು ನಾನು ಚಿತ್ರಿಸುತ್ತಿದ್ದೇನೆಂದು ಯಾರೂ ತಿಳಿಯಬಾರದು. ಅಂತರಜಾಲದ ಪ್ರಸಿದ್ಧಿಯನ್ನು ಆತ ಬೇಡವೆಂದವನಲ್ಲ. ಇನ್‌ಸ್ಟಾಗ್ರಾಮಿನಲ್ಲಿ ಆತನ ನಗೆ, ಆತನ ಉಡುಪು, ಆತನ ಪ್ರವಾಸ ಎಲ್ಲವೂ ಇವೆ. ಪಾನೀಯದ, ಬಟ್ಟೆಯ ಕಂಪೆನಿಗಳು ಆತನನ್ನು ಪೋಷಿಸುತ್ತವೆ, ಅವು ಎಣಿಸುವುದು ತೆರೆಗಳನ್ನು ಮಾತ್ರವಲ್ಲ, ಹಿಂಬಾಲಕರನ್ನೂ ಎಣಿಸುತ್ತವೆ. ಅದು ಇಲ್ಲದಿದ್ದರೆ ಲೋಕ ಸುತ್ತುವ ಈ ದುಬಾರಿಯ ಆಟವನ್ನು ಆಡುವುದೂ ಕಷ್ಟವೇ. ಬಯಲುಸೀಮೆಯ ಒಂದು ಮನೆಯ ಜಗಲಿಯಲ್ಲಿ ಕುಳಿತ ಈ ಮುದುಕನಿಗೆ ತ್ಸುರಿಗಸಾಕಿಯ ನೀರು ಕಂಡುದೂ ಅದರ ದಯೆಯಿಂದಲೇ. ನನ್ನ ತಕರಾರು ಪ್ರಸಿದ್ಧಿಯ ಮೇಲಲ್ಲ, ಅದರ ಅಳತೆಯ ಮೇಲೆ. ಅರ್ಧ ಗಂಟೆಯ ಆಟದಿಂದ ಒಂಬತ್ತು ಸೆಕೆಂಡುಗಳನ್ನು ಕೊಯ್ದುಕೊಂಡು, ಆ ಒಂಬತ್ತು ಸೆಕೆಂಡುಗಳಿಂದ ಒಬ್ಬನನ್ನು ಕಳ್ಳನೆಂದೋ ದೇವರೆಂದೋ ನಿಶ್ಚಯಿಸುವುದು ಆಟದ ಅರಿವಲ್ಲ. ಪದ್ಯದ ಒಂದು ಪಾದವನ್ನು ಉದ್ಧರಿಸಿ ಕವಿಯನ್ನು ತಿಳಿದೆನೆನ್ನುವ ವಿದ್ಯಾರ್ಥಿಗೆ ನಾವು ಎಷ್ಟು ಅಂಕ ಕೊಡುತ್ತಿದ್ದೆವು?

ಆ ಚಿತ್ರಕ್ಕೆ ಹಿಂದಿರುಗೋಣ. ಮೂರು ವರ್ಷಗಳ ಬಳಿಕ ಅದೇ ಇಬ್ಬರು ತೆಅಹುಪೊದ ಮೂರನೆಯ ಸುತ್ತಿನಲ್ಲಿ ಎದುರಾದರು. ಹವಳದ ಬಂಡೆಗಳ ಮೇಲೆ ಮಡಿಸಿ ಬೀಳುವ, ತಪ್ಪಿದರೆ ಮೈ ಸೀಳುವ ನೀರು ಅದು. ಮೆಡೀನಾ ಒಂದು ದೊಡ್ಡ ತೆರೆಯ ಸುರುಳಿಯೊಳಗೆ ಹೊಕ್ಕು ಹೊರಬಂದು, ತೆರೆಯ ಬೆನ್ನಿನ ಮೇಲಿನಿಂದ ಚಿಮ್ಮಿದನು. 9.90, ಒಲಿಂಪಿಕ್ ಸರ್ಫಿಂಗಿನಲ್ಲಿ ಅಲ್ಲಿಯವರೆಗೆ ಯಾರಿಗೂ ಬಾರದಿದ್ದ ಅಂಕ. ಬ್ರೂಯೆಯ ಕ್ಯಾಮೆರಾ ಆ ಕ್ಷಣವನ್ನು ಹಿಡಿಯಿತು. ಇಗರಾಶಿ ಬಹಳ ಹಿಂದೆ ಬಿದ್ದು ಕೂಟದಿಂದ ಹೊರಗಾದನು. ಮೆಡೀನಾನಿಗೆ ಕಡೆಗೆ ಸಿಕ್ಕಿದುದು ಕಂಚು. ಚಿನ್ನ ಗೆದ್ದವನು ಆ ದ್ವೀಪದವನೇ ಆದ, ಫ್ರಾನ್ಸಿನ ಧ್ವಜದಡಿ ಆಡಿದ ಕೌಲಿ ವಾಸ್ಟ್. ಈ ಹೆಸರೂ ನನ್ನ ಮೊಮ್ಮಗಳಿಗೆ ಗೊತ್ತಿರಲಿಲ್ಲ.

ಮೊನ್ನೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು 2021ರ ಆ ಉಪಾಂತ್ಯ ಪಂದ್ಯವನ್ನು ಮೊದಲಿನಿಂದ ತೋರಿಸಿದೆ. ಇಗರಾಶಿ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದನು. ಒಂದು ತೆರೆ ಬಂದಿತು, ಬಿಟ್ಟನು. ಇನ್ನೊಂದು ಬಂದಿತು, ಅದನ್ನೂ ಬಿಟ್ಟನು. ಮೊಮ್ಮಗಳು ಬೆರಳಿನಿಂದ ಮುಂದಕ್ಕೆ ಓಡಿಸಿದಳು. ನಾನು ಹಿಂದಕ್ಕೆ ತಂದೆ. "ಏನೂ ಆಗುತ್ತಿಲ್ಲವಲ್ಲ ತಾತ" ಎಂದಳು. "ನೋಡುತ್ತಿರು" ಎಂದೆ. ಮತ್ತೊಂದು ತೆರೆ ಬಂದಿತು. ಆತ ಕುತ್ತಿಗೆ ತಿರುಗಿಸಿ ನೋಡಿ ಅದನ್ನೂ ಬಿಟ್ಟನು. ಈ ಸಲ ಅವಳು ಬೆರಳು ಎತ್ತಲಿಲ್ಲ, "ಇದನ್ನು ಯಾಕೆ ಬಿಟ್ಟ?" ಎಂದು ಕೇಳಿದಳು.